ಚಾಟ್ಸ್‌ವರ್ತ್: ಒಂದು ಮನೆತನ, ಒಂದು ಎಸ್ಟೇಟು



ಇಂಗ್ಲಿಷ್ ಕಾದಂಬರಿಗಳ ಅನುವಾದಗಳಲ್ಲಿ ‘ಎಸ್ಟೇಟು’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಅದನ್ನು ಕಾಫಿತೋಟವೆಂದೋ ನಮ್ಮ ಕಡೆಯ ವಾಡೆಯೆಂದೋ ತಿಳಿದರೆ ಅರ್ಥ ಅಪೂರ್ಣ. ಮಹಾಗೃಹ, ಉದ್ಯಾನ, ಗೇಣಿಯ ಹೊಲಗಳು, ಹಳ್ಳಿ ಇವೆಲ್ಲ ಒಂದೇ ಮನೆತನದ ಒಡೆತನಕ್ಕೆ ಸೇರಿದ ವ್ಯವಸ್ಥೆಯದು. ಡರ್ಬಿಶೈರಿನ ಚಾಟ್ಸ್‌ವರ್ತ್ ಅದಕ್ಕೊಂದು ನಿದರ್ಶನ.

1549ರಲ್ಲಿ ಸರ್ ವಿಲಿಯಂ ಕ್ಯಾವೆಂಡಿಷ್ ಮತ್ತು ಆತನ ಪತ್ನಿ ಬೆಸ್ ಈ ಭೂಮಿಯನ್ನು 600 ಪೌಂಡಿಗೆ ಕೊಂಡರು. ನಾಲ್ಕು ಬಾರಿ ವಿವಾಹವಾದ ಬೆಸ್, ಸಾಧಾರಣ ಜಮೀನುದಾರರ ಮಗಳಾಗಿ ಹುಟ್ಟಿ ಇಂಗ್ಲೆಂಡಿನ ಅತಿ ಶ್ರೀಮಂತ ಸ್ತ್ರೀಯರಲ್ಲಿ ಒಬ್ಬಳಾದಳು. 1688ರಲ್ಲಿ ಆರೆಂಜಿನ ವಿಲಿಯಮ್ಮನನ್ನು ಇಂಗ್ಲೆಂಡಿಗೆ ಆಹ್ವಾನಿಸಿದ ಏಳು ಮಂದಿಯಲ್ಲಿ ಆಕೆಯ ವಂಶಜನೂ ಇದ್ದನು. 1694ರಲ್ಲಿ ಅವನು ಡೆವನ್‌ಶೈರಿನ ಮೊದಲ ಡ್ಯೂಕನಾದನು.

ಇಷ್ಟು ದೊಡ್ಡ ಆಸ್ತಿ ಒಡೆಯದೆ ಉಳಿದುದು ಹೇಗೆ? ನಮ್ಮ ರೈತಾಪಿ ಮನೆಗಳಲ್ಲಿ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳುತ್ತಾರೆ. ಎರಡು ತಲೆಮಾರಿನಲ್ಲಿ ಹೊಲ ತುಂಡಾಗುತ್ತದೆ. ಅಲ್ಲಿ ಬಿರುದೂ ಭೂಮಿಯೂ ಸಾಮಾನ್ಯವಾಗಿ ಹಿರಿಯ ಮಗನಿಗೇ ಸಲ್ಲುತ್ತಿದ್ದವು. ಆಸ್ತಿ ಅಖಂಡವಾಗಿ ಉಳಿಯಿತು. ಅದರ ಬೆಲೆಯನ್ನು ಕಿರಿಯ ಮಕ್ಕಳೂ ಹೆಣ್ಣುಮಕ್ಕಳೂ ತೆತ್ತರು. ಆ ಕಾದಂಬರಿಗಳಲ್ಲಿ ವಿವಾಹವೇ ಜೀವನ್ಮರಣದ ಪ್ರಶ್ನೆಯಾಗುವುದು ಇದರಿಂದಲೇ.

ಒಡೆತನದ ಇನ್ನೊಂದು ಮುಖವನ್ನು ಎಡೆನ್ಸರ್ ಎಂಬ ಹಳ್ಳಿ ತೋರಿಸುತ್ತದೆ. ಮಹಾಗೃಹದಿಂದ ಕಾಣುತ್ತಿದ್ದ ಅದರ ಮನೆಗಳನ್ನು ಕೆಡವಲಾಯಿತು. ಆರನೆಯ ಡ್ಯೂಕನ ಕಾಲದಲ್ಲಿ ಕಣ್ಣಿಗೆ ಬೀಳದ ಕಡೆ ಊರನ್ನು ಹೊಸದಾಗಿ ಕಟ್ಟಿಸಲಾಯಿತು. ಹಳೆಯ ಸ್ಥಳದಲ್ಲಿ ಒಂದೇ ಮನೆ ಇಂದಿಗೂ ನಿಂತಿದೆ. ಹೊಸ ಮನೆಗಳು ಹೆಚ್ಚು ಸುಂದರವೇ ಇರಬಹುದು. ಆದರೆ ಊರು ಎಲ್ಲಿರಬೇಕೆಂಬ ನಿರ್ಣಯ ಊರವರದಾಗಿರಲಿಲ್ಲ.

ಅದೇ ಡ್ಯೂಕನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಯಲ್ಲಿ ಬೆಳೆಸಿದ ಬಾಳೆಗೆ ಕ್ಯಾವೆಂಡಿಷ್ ಎಂಬ ಹೆಸರು ಬಂದಿತು. ಸೋಲಾಪುರ ಜಿಲ್ಲೆಯ ತೋಟಗಳಲ್ಲಿ ಬೆಳೆಯುವ ಜಿ-ನೈನ್ ಬಾಳೆಯೂ ಈ ಗುಂಪಿನದೇ.

1950ರಲ್ಲಿ ಹತ್ತನೆಯ ಡ್ಯೂಕ್ ಹಠಾತ್ತನೆ ತೀರಿಕೊಂಡಾಗ ಆಸ್ತಿಯ ಮೇಲೆ ಶೇ. 80ರ ಮರಣತೆರಿಗೆ ಬಿದ್ದಿತು. ಭೂಮಿ, ಕಲಾಕೃತಿಗಳು ಕೈಬಿಟ್ಟವು; ಬೆಸ್ ಕಟ್ಟಿಸಿದ ಹಾರ್ಡ್‌ವಿಕ್ ಹಾಲ್ ರಾಷ್ಟ್ರೀಯ ನ್ಯಾಸದ ವಶವಾಯಿತು. ಚಾಟ್ಸ್‌ವರ್ತನ್ನು ಉಳಿಸಲು 1981ರಲ್ಲಿ ದತ್ತಿ ಸಂಸ್ಥೆಯೊಂದು ಸ್ಥಾಪಿತವಾಯಿತು. ಹಿಂದೆ ಗೇಣಿಯಿಂದ ನಡೆದ ಮನೆಯ ನಿರ್ವಹಣೆಗೆ ಇಂದು ಪ್ರೇಕ್ಷಕರ ಟಿಕೀಟಿನ ಹಣವೂ ಆಧಾರ.

ಮನೆತನದ ಇತಿಹಾಸವೆಂದರೆ ಬಿರುದಾವಳಿಯಲ್ಲ. ಯಾರಿಗೆ ದಕ್ಕಿತು, ಯಾರಿಗೆ ತಪ್ಪಿತು, ಯಾರನ್ನು ಸರಿಸಲಾಯಿತು ಎಂಬ ಮೂರು ಪ್ರಶ್ನೆಗಳೊಡನೆ ಅದನ್ನು ಓದಬೇಕು.

ಅಭ್ಯಾಸ: ನಿಮ್ಮ ಊರಿನ ವಾಡೆಯೊಂದರ ಚರಿತ್ರೆಯನ್ನು ಇದೇ ಮೂರು ಪ್ರಶ್ನೆಗಳ ಆಧಾರದಿಂದ ಒಂದು ಪುಟದಲ್ಲಿ ಬರೆಯಿರಿ.