ಜಿಂಕೆ ಎಲ್ಲಿದೆ, ಜಿಂಕೆ ಎಷ್ಟಿದೆ?

ಒಂದು ಕಾಡಿನಲ್ಲಿ ಜಿಂಕೆ ಎಲ್ಲಿದೆ ಎಂದು ಕೇಳುವುದು ಒಂದು ಪ್ರಶ್ನೆ. ಎಷ್ಟಿದೆ ಎಂದು ಕೇಳುವುದು ಇನ್ನೊಂದು. ಮೇಲುನೋಟಕ್ಕೆ ಇವೆರಡೂ ಒಂದೇ ಎಂದು ತೋರುವುದುಂಟು. ಆದರೆ ಮೊದಲನೆಯ ಪ್ರಶ್ನೆಗೆ ಉತ್ತರ ದೊರಕಿಸುವ ಜಾಣತನವೇ ಎರಡನೆಯದರ ಉತ್ತರವನ್ನು ಕೆಡಿಸಬಲ್ಲುದು. ಇದು ಹೇಗೆಂಬುದನ್ನು ಇಕ್ಕೇರಿ ಸೀಮೆಯ, ಎಂದರೆ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕಾಡುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಮಾಡೋಣ.

ಹಿಂದೆ ಈ ಸೀಮೆಯಲ್ಲಿ ಬೇಟೆ ಊರವರೆಲ್ಲ ಕೂಡಿ ನಡೆಸುತ್ತಿದ್ದ ಕಾರ್ಯ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು (1936) ಓದಿದವರಿಗೆ ಅದರ ಪರಿಚಯವಿದ್ದೀತು. ಕೆಲವರು ಹಳುವಿನಲ್ಲಿ ಗದ್ದಲವೆಬ್ಬಿಸಿ ಮಿಗಗಳನ್ನು ಹೊರಡಿಸುವರು. ಕೋವಿ ಹಿಡಿದವರು ಅವು ಹಾಯುವ ಕಂಡಿಗಳಲ್ಲಿ ಕಾದು ನಿಲ್ಲುವರು. ಯಾವ ಹಾಡಿಗೆ ಹೋಗಬೇಕು, ಯಾವ ಕಂಡಿಯಲ್ಲಿ ನಿಲ್ಲಬೇಕು ಎಂಬುದನ್ನು ಆರಿಸುವುದರಲ್ಲಿಯೇ ಹಿರಿಯ ಬೇಟೆಗಾರನ ಅನುಭವವೆಲ್ಲ ಅಡಗಿರುತ್ತಿತ್ತು.

ಇಂತಹ ಆಯ್ಕೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಮ್ಯೂಲ್ ಡೀರ್ ಎಂಬ ಜಿಂಕೆಯುಂಟು. ಹೇಸರಗತ್ತೆಯ ಕಿವಿಯಂತಹ ದೊಡ್ಡ ಕಿವಿಗಳಿರುವುದರಿಂದ ಅದಕ್ಕೆ ಆ ಹೆಸರು. ರಾಜ್ಯ ಸರ್ಕಾರಗಳು ನೆಲವನ್ನು ಬೇಟೆಯ ಘಟಕಗಳಾಗಿ ವಿಂಗಡಿಸಿವೆ. ಅನೇಕ ಘಟಕಗಳಿಗೆ ಇಂತಿಷ್ಟೇ ರಹದಾರಿಗಳೆಂದು ಗೊತ್ತುಮಾಡಿ, ಅವುಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಸಾರ್ವಜನಿಕ ನೆಲದಲ್ಲಿ ಬೇಟೆಯಾಡಬಯಸುವವನು ನಕ್ಷೆಯನ್ನು ಮುಂದಿಟ್ಟುಕೊಂಡು ಮೇವು, ನೀರು, ಮರೆ, ಜನರ ಓಡಾಟ ಎಂಬ ನಾಲ್ಕು ಸಂಗತಿಗಳನ್ನು ತೂಗಿನೋಡುತ್ತಾನೆ. ಋತುವನ್ನೂ ಗಮನಿಸಬೇಕು. ವಯೋಮಿಂಗ್ ರಾಜ್ಯದಲ್ಲಿ ಈ ಜಿಂಕೆಗಳ ಒಂದು ಸಮುದಾಯ ಚಳಿಗಾಲದ ನೆಲೆಯಿಂದ ಬೇಸಗೆಯ ನೆಲೆಗೆ ಸುಮಾರು 240 ಕಿಲೋಮೀಟರು ನಡೆದುಹೋಗುವ ಸಂಗತಿ 2014ರಲ್ಲಿ ಪ್ರಕಟವಾಯಿತು. ಒಂದು ಋತುವಿನಲ್ಲಿ ತುಂಬಿದ್ದ ನೆಲ ಇನ್ನೊಂದರಲ್ಲಿ ಬರಿದಾಗಬಹುದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಲ್ಲಿ ರಹದಾರಿ ಪಡೆದು ಆಡುವ ಬೇಟೆಗೆ ಸ್ವಲ್ಪ ಎಡೆಗೊಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಇಂದು ಇಕ್ಕೇರಿ ಸೀಮೆಯಲ್ಲಿ ಜಿಂಕೆಯ ಬೇಟೆ ಶಿಕ್ಷಾರ್ಹ ಅಪರಾಧ. ಆದರೂ ನೆಲವನ್ನು ಆರಿಸುವ ಕೆಲಸ ನಿಂತಿಲ್ಲ. ಬೇಟೆಗಾರನ ಸ್ಥಾನದಲ್ಲಿ ಈಗ ಗಣತಿಗಾರ ನಿಂತಿದ್ದಾನೆ.

ಬೇಟೆಗಾರನ ನಾಲ್ಕು ಸಂಗತಿಗಳನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿದ ಮಳೆ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತದೆ. ನಿತ್ಯಹಸುರಿನ ಕಾಡು ಕ್ರಮೇಣ ಎಲೆಯುದುರುವ ಕಾಡಾಗುತ್ತದೆ. ಇದರ ನಡುನಡುವೆ ದಟ್ಟವಾದ ಕಾನು, ಹುಲ್ಲಿನ ಬ್ಯಾಣ, ಅಡಕೆ ತೋಟದವರ ಸೊಪ್ಪಿನಬೆಟ್ಟ, ಗದ್ದೆಯ ಬಯಲು ಇವು ಬೆರೆತುಕೊಂಡಿವೆ. ಚುಕ್ಕೆಜಿಂಕೆ ಹಿಂಡಾಗಿ ಬಾಳುವ ಪ್ರಾಣಿ. ಹುಲ್ಲೂ ಮರೆಯೂ ಸೇರುವ ಅಂಚು ಅದಕ್ಕೆ ಪ್ರಿಯ. ಕಡವೆ ಕಾಡುಗುಡ್ಡಗಳಲ್ಲಿ ಸೊಪ್ಪು ಮೇಯುತ್ತ, ಹೆಚ್ಚಾಗಿ ಇರುಳಿನಲ್ಲಿ ಸಂಚರಿಸುತ್ತದೆ. ನಾಯಿಯಂತೆ ಬೊಗಳುವ ಕಾಡುಕುರಿಯೂ ಜಿಂಕೆಯ ಜಾತಿಯದೇ. ಅದು ಒಂಟಿಯಾಗಿ ಹಳುವಿನಲ್ಲಿರುತ್ತದೆ. ಮೊಲಕ್ಕಿಂತ ತುಸು ದೊಡ್ಡದಾದ ಬರ್ಕ ನಿಜವಾದ ಜಿಂಕೆಯಲ್ಲ, ಅದರ ದೂರದ ನೆಂಟ; ಕಾನಿನ ನೆಲದಲ್ಲಿ ಅಡಗಿ ಬಾಳುತ್ತದೆ.

ಆದ್ದರಿಂದ ಚುಕ್ಕೆಜಿಂಕೆಯನ್ನು ನೋಡಬೇಕೆನ್ನುವವರು ಮುಂಜಾನೆ ಬ್ಯಾಣದ ಅಂಚಿಗೆ ಹೋಗುವುದು ಜಾಣತನ. ಅವು ಎಷ್ಟಿವೆ ಎಂದು ತಿಳಿಯಬೇಕೆನ್ನುವವರೂ ಅಲ್ಲಿಗೇ ಹೋದರೆ ಏನಾಗುವುದು?

ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. 100 ಚದರ ಕಿಲೋಮೀಟರಿನ ಒಂದು ಕಾಡು. ಅದರಲ್ಲಿ 10 ಚದರ ಕಿಲೋಮೀಟರು ಬ್ಯಾಣ ಮತ್ತು ಅದರ ಅಂಚು; ಅಲ್ಲಿ ಚದರ ಕಿಲೋಮೀಟರಿಗೆ 10 ಜಿಂಕೆ. ಉಳಿದ 90ರಲ್ಲಿ ಚದರ ಕಿಲೋಮೀಟರಿಗೆ ಒಂದೇ ಒಂದು. ನಿಜವಾದ ಸಂಖ್ಯೆ 100 + 90 = 190. ಬ್ಯಾಣದಲ್ಲಿ ಮಾತ್ರ ಎಣಿಸಿದವನು 10 × 100 = 1,000 ಎಂದು ವರದಿ ಕೊಡುತ್ತಾನೆ. ಅವನ ಎಣಿಕೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ನೆಲದ ಆಯ್ಕೆಯಲ್ಲಿ. ಬೇಟೆಗೆ ಅವಕಾಶವಿರುವ ನಾಡಿನಲ್ಲಿ ಈ ವರದಿಯನ್ನು ನಂಬಿ ಹತ್ತರಲ್ಲೊಂದು ಪಾಲಿಗೆ, ಎಂದರೆ 100 ಜಿಂಕೆಗೆ, ರಹದಾರಿ ಕೊಟ್ಟರೆ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜಿಂಕೆಗಳು ಅಳಿಯುತ್ತವೆ. ಬೇಟೆಯಿಲ್ಲದ ನಾಡಿನಲ್ಲಿಯೂ ಅಪಾಯ ಕಡಿಮೆಯಲ್ಲ. ಇಳಿಯುತ್ತಿರುವ ಸಂಖ್ಯೆ ತುಂಬಿದಂತೆ ಕಂಡಾಗ ಕಾಪಾಡುವವರು ಕೈಕಟ್ಟಿ ಕುಳಿತುಬಿಡುತ್ತಾರೆ.

ಇದಕ್ಕೆ ಪರಿಹಾರವೇನು? ನೆಲದ ಆಯ್ಕೆಯನ್ನು ನಮ್ಮ ಇಷ್ಟಕ್ಕೆ ಬಿಡದಿರುವುದು. ನಕ್ಷೆಯ ಮೇಲೆ ಸಮನಾದ ಚೌಕಗಳನ್ನೆಳೆದು, ಮೊದಲನೆಯ ಗೆರೆ ಎಲ್ಲಿ ಬೀಳಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ, ಉಳಿದ ಗೆರೆಗಳನ್ನು ಸಮದೂರದಲ್ಲಿ ಎಳೆಯಬೇಕು. ಆಗ ಕಾನು, ಬ್ಯಾಣ, ಬೆಟ್ಟ ಇವು ತಮ್ಮ ವಿಸ್ತಾರಕ್ಕೆ ತಕ್ಕ ಪಾಲನ್ನು ತಾವೇ ಪಡೆಯುತ್ತವೆ. ನಡೆಯಲು ಸುಲಭವೆಂದು ಗಾಡಿರಸ್ತೆಯನ್ನೇ ಗೆರೆಯಾಗಿ ಹಿಡಿಯುವುದೂ ಸಲ್ಲದು. ರಸ್ತೆಯ ಬದಿಯ ಹುಲ್ಲಿಗೆ ಕೆಲವು ಪ್ರಾಣಿಗಳು ಬರುತ್ತವೆ, ರಸ್ತೆಯ ಸದ್ದಿಗೆ ಕೆಲವು ದೂರ ಸರಿಯುತ್ತವೆ.

ಇನ್ನೊಂದು ತೊಡಕು ಉಳಿಯಿತು. ಬ್ಯಾಣದಲ್ಲಿ ನೂರು ಮೀಟರು ದೂರದ ಜಿಂಕೆಯೂ ಕಾಣುತ್ತದೆ. ಕಾನಿನಲ್ಲಿ ಇಪ್ಪತ್ತು ಮೀಟರಿನಾಚೆಗೆ ಏನೂ ಕಾಣದು. ಕಂಡ ಸಂಖ್ಯೆಗಳನ್ನೇ ಹೋಲಿಸಿದರೆ ನಾವು ಜಿಂಕೆಗಳನ್ನಲ್ಲ, ಬೆಳಕಿನ ಹಾದಿಯನ್ನು ಅಳೆದಂತಾಯಿತು. ಇಲ್ಲಿ ತ್ರಿಕೋಣಮಿತಿ ನೆರವಿಗೆ ಬರುತ್ತದೆ. ಗೆರೆಯ ಮೇಲೆ ನಿಂತವನು ಜಿಂಕೆಗಿರುವ ದೂರವನ್ನೂ, ಗೆರೆಗೂ ಜಿಂಕೆಯ ದಿಕ್ಕಿಗೂ ನಡುವಣ ಕೋನವನ್ನೂ ಅಳೆಯುತ್ತಾನೆ. ದೂರವನ್ನು ಕೋನದ ಸೈನಿನಿಂದ ಗುಣಿಸಿದರೆ ಗೆರೆಯಿಂದ ಜಿಂಕೆಗಿರುವ ಲಂಬದೂರ ದೊರೆಯುತ್ತದೆ. ದೂರ 60 ಮೀಟರು, ಕೋನ 30 ಡಿಗ್ರಿ ಆದರೆ ಲಂಬದೂರ 30 ಮೀಟರು. ಜಿಂಕೆ ಬೆದರಿ ಓಡುವ ಮುನ್ನ ಮೊದಲು ಕಂಡ ಸ್ಥಳಕ್ಕೇ ಈ ಅಳತೆ ಸಲ್ಲಬೇಕು. ಗೆರೆಯ ಮೇಲೆಯೇ ಇರುವ ಜಿಂಕೆ ಎಂದೂ ತಪ್ಪಿಹೋಗಬಾರದು.

ಲಂಬದೂರ ಹೆಚ್ಚಿದಂತೆ ಕಣ್ಣಿಗೆ ಬೀಳುವ ಜಿಂಕೆಗಳು ಕಡಿಮೆಯಾಗುತ್ತ ಹೋಗುತ್ತವೆ. ಈ ಇಳಿತವನ್ನು ನೋಡಿ ಒಂದು ದೂರವನ್ನು ಕಂಡುಹಿಡಿಯಬಹುದು: ಅದರೊಳಗೆ ನಾವು ಕಾಣದೆ ಬಿಟ್ಟವುಗಳ ಸಂಖ್ಯೆ, ಅದರಾಚೆಗೆ ನಾವು ಕಂಡವುಗಳ ಸಂಖ್ಯೆಗೆ ಸಮ. ಇದು ಆ ಕಾಡಿನ ಸಾರ್ಥಕ ದೂರ. 2 ಕಿಲೋಮೀಟರಿನ ಗೆರೆಯನ್ನು 6 ಸಲ ನಡೆದು ಒಟ್ಟು 12 ಜಿಂಕೆಗಳನ್ನು ಕಂಡೆವೆನ್ನೋಣ. ಸಾರ್ಥಕ ದೂರ 50 ಮೀಟರು, ಎಂದರೆ 0.05 ಕಿಲೋಮೀಟರು. ಗೆರೆಯ ಎರಡು ಪಕ್ಕಗಳೂ ಸೇರಿ ನೋಡಿದ ನೆಲ 2 × 0.05 × 12 = 1.2 ಚದರ ಕಿಲೋಮೀಟರು. ಆದ್ದರಿಂದ ಚದರ ಕಿಲೋಮೀಟರಿಗೆ 10 ಜಿಂಕೆ.

ಈ ವಿಧಾನವನ್ನು ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಬಳಸಿ, ಫಲಿತಾಂಶವನ್ನು 1992ರಲ್ಲಿ ಪ್ರಕಟಿಸಿದರು. 2006ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅಖಿಲ ಭಾರತ ಹುಲಿ ಗಣತಿಯಲ್ಲಿಯೂ ಅರಣ್ಯ ಸಿಬ್ಬಂದಿ ಇಂತಹ ಗೆರೆಗಳ ಮೇಲೆ ನಡೆದು ಹುಲಿಯ ಆಹಾರಪ್ರಾಣಿಗಳನ್ನು ಎಣಿಸುತ್ತಾರೆ.

ವಿದ್ಯಾರ್ಥಿಗಳು ಇದನ್ನು ಕಾಡಿಗೆ ಹೋಗದೆಯೇ ಪರೀಕ್ಷಿಸಬಹುದು. ಹುಲ್ಲು ಬೆಳೆದ ಮೈದಾನದಲ್ಲಿ ಗೆಳೆಯನೊಬ್ಬ 200 ಅಡಕೆಗಳನ್ನು, ಕೆಲವೆಡೆ ಒತ್ತಾಗಿ, ಕೆಲವೆಡೆ ವಿರಳವಾಗಿ, ನಮಗೆ ತಿಳಿಯದಂತೆ ಚೆಲ್ಲಲಿ. ಮೊದಲು ನಮಗೆ ಇಷ್ಟ ಬಂದ ಕಡೆ ಗೆರೆಯೆಳೆದು ಎಣಿಸೋಣ. ಆಮೇಲೆ ಚೀಟಿ ಎತ್ತಿ, ಮೈದಾನದುದ್ದಕ್ಕೂ ಸಮದೂರದ ಗೆರೆಗಳನ್ನೆಳೆದು ಎಣಿಸೋಣ. ಎರಡು ಉತ್ತರಗಳನ್ನೂ 200ರ ಪಕ್ಕದಲ್ಲಿ ಬರೆದಿಡೋಣ. ಹತ್ತು ಸಲ ಹೀಗೆ ಮಾಡಿದಾಗ ಎರಡನೆಯ ಬಗೆಯ ಉತ್ತರಗಳು ಕೆಲವೊಮ್ಮೆ ಹೆಚ್ಚಾಗಿ, ಕೆಲವೊಮ್ಮೆ ಕಡಿಮೆಯಾಗಿ ಬಂದರೂ ಅವುಗಳ ಸರಾಸರಿ 200ರ ಸುತ್ತ ನಿಲ್ಲುವುದನ್ನು ಕಾಣುವೆವು. ಮೊದಲನೆಯ ಬಗೆಯಲ್ಲಿ ಅಡಕೆ ಒತ್ತಾಗಿರುವೆಡೆಗೇ ಕಾಲು ಎಳೆದರೆ ತಪ್ಪು ಒಂದೇ ಕಡೆಗೆ ವಾಲುವುದು. ಅಂತಹ ತಪ್ಪನ್ನು ಎಷ್ಟು ಸಲ ಎಣಿಸಿದರೂ ತಿದ್ದಲಾಗದು.