ಸಣ್ಣ ಟಾರ್ಚಿಗೆ ಯಾವ ಶೆಲ್ಲು?

ನಮ್ಮ ಕಡೆಯ ಹಳ್ಳಿಗಳಲ್ಲಿ ಟಾರ್ಚನ್ನೇ ‘ಬ್ಯಾಟ್ರಿ’ ಎಂದೂ, ಅದರೊಳಗಿನ ವಿದ್ಯುತ್ಕೋಶವನ್ನು ‘ಶೆಲ್ಲು’ ಎಂದೂ ಕರೆಯುವುದು ವಾಡಿಕೆ. ಈ ಲೇಖನದಲ್ಲಿಯೂ ಆ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಕಲಾ ವಿಭಾಗದ ವಿದ್ಯಾರ್ಥಿಗೆ ಶೆಲ್ಲಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ತು ಪಾಳಿಯ ಮೇಲೆ ರಾತ್ರಿ ಹೊತ್ತು ಬರುವ ಊರು ನಮ್ಮದು. ಬದುವಿನ ಮೇಲೆ ಮಲಗಿದ ಕೊಳಕುಮಂಡಲ ಮೊದಲು ಕಣ್ಣಿಗೆ ಬೀಳುವುದೋ, ಕಾಲಿಗೆ ತಾಗುವುದೋ ಎಂಬುದು ಕೈಯಲ್ಲಿರುವ ಬೆಳಕಿಗೆ ಸೇರಿದ ಮಾತು. ಮನೆಯಲ್ಲಿ ಅಕ್ಷರ ಬಲ್ಲ ಮೊದಲಿಗರಿಗೆ ಶೆಲ್ಲಿನ ಮೇಲಿನ ಬರಹವನ್ನು ಓದಿ ಕೊಳ್ಳುವ ಕೆಲಸವೂ ತಾನಾಗಿ ಬರುತ್ತದೆ. ಮೊಬೈಲಿನ ದೀಪ ಸಾಲದೆ ಎನ್ನುವವರು ಕೆಸರಗದ್ದೆಯಲ್ಲಿ ಒದ್ದೆ ಕೈಯಿಂದ ಒಮ್ಮೆ ಅದನ್ನು ಹಿಡಿದು ನಡೆಯಬೇಕು. ಅದರ ಬೆಳಕು ಮುಂದಕ್ಕೆ ಹೋಗದೆ ಹತ್ತಿರದಲ್ಲಿಯೇ ಹರಡಿಹೋಗುತ್ತದೆ.

ಬಿಳಿಯ ಎಲ್‌ಇಡಿ ದೀಪ ಹೊತ್ತಲು ಸುಮಾರು ೩ ವೋಲ್ಟು ಬೇಕು. (ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಕೊಡುವ ಪುಡಿಯನ್ನು ಲೇಪಿಸಿ ಬಿಳಿಯ ಬೆಳಕನ್ನು ಪಡೆಯುತ್ತಾರೆ, ಆ ನೀಲಿ ದೀಪವನ್ನು ಸಾಧಿಸಿದ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.) ಆದರೆ ಒಂದು ಶೆಲ್ಲು ಕೊಡುವುದು ೧.೫ ವೋಲ್ಟು ಮಾತ್ರ. ಆದಕಾರಣ ಒಂದೇ ಪೆನ್ಸಿಲ್ ಶೆಲ್ಲಿನ ಟಾರ್ಚಿನಲ್ಲಿ ವೋಲ್ಟನ್ನು ಏರಿಸುವ ಸಣ್ಣದೊಂದು ಮಂಡಲ ಅಡಗಿರುತ್ತದೆ. ಮೂರು ಸಣ್ಣ ಶೆಲ್ಲುಗಳನ್ನು ಸಾಲಾಗಿ ಜೋಡಿಸುವ ಟಾರ್ಚಿಗೆ ಅದರ ಅಗತ್ಯವಿಲ್ಲ.

ಇನ್ನು ಶೆಲ್ಲುಗಳ ವಿಚಾರ. ಅತ್ಯಂತ ಅಗ್ಗವಾದದ್ದು ಸತು-ಇಂಗಾಲದ್ದು. ೧೮೬೬ರಲ್ಲಿ ಲೆಕ್ಲಾಂಶೆ ಎಂಬ ಫ್ರೆಂಚ್ ವಿಜ್ಞಾನಿ ಮಾಡಿದ ದ್ರವದ ಕೋಶವನ್ನು ೧೮೮೬ರ ಸುಮಾರಿಗೆ ಜರ್ಮನಿಯ ಗಾಸ್ನರ್ ಒಣಕೋಶವಾಗಿ ಮಾರ್ಪಡಿಸಿದ. ಇಂದಿಗೂ ತತ್ತ್ವ ಅದೇ. ಇದರ ಸತುವಿನ ಕವಚ ಬರಿಯ ಡಬ್ಬಿಯಲ್ಲ, ಅದೇ ಉರುವಲು. ಶೆಲ್ಲು ಖರ್ಚಾದಂತೆ ಗೋಡೆಯೂ ಕರಗುತ್ತದೆ. ಹಳೆಯ ಶೆಲ್ಲು ಸೋರಿ ಟಾರ್ಚನ್ನು ಕೆಡಿಸುವುದು ಇದರಿಂದಲೇ. ಎರಡನೆಯದು ಆಲ್ಕಲೈನ್. ಮೂರನೆಯದು ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ನಿಕಲ್-ಮೆಟಲ್ ಹೈಡ್ರೈಡ್. ಇದರ ಮೇಲೆ ೧.೨ ವೋಲ್ಟು ಎಂದು ಇರುವುದನ್ನು ಕಂಡು ಅನೇಕರು ಹಿಂದೆ ಸರಿಯುತ್ತಾರೆ. ಇದು ಬರಿಯ ಭ್ರಮೆ. ಆಲ್ಕಲೈನ್ ಶೆಲ್ಲು ೧.೫ರಲ್ಲಿ ನಿಲ್ಲುವುದಿಲ್ಲ, ಉರಿದಂತೆಲ್ಲ ಇಳಿಯುತ್ತ ಹೋಗಿ, ಸರಾಸರಿಯಲ್ಲಿ ಅದೂ ೧.೨ರ ಆಸುಪಾಸಿಗೇ ಬರುತ್ತದೆ. ನಿಕಲ್ ಶೆಲ್ಲಾದರೋ ಬಹುಪಾಲು ಆಯುಸ್ಸನ್ನು ೧.೨ರಲ್ಲಿಯೇ ಕಳೆದು ಕೊನೆಗೆ ಒಮ್ಮೆಲೇ ಕುಸಿಯುತ್ತದೆ.

ಓದಿದ್ದನ್ನು ಪರೀಕ್ಷಿಸಿ ನೋಡಬೇಕೆನಿಸಿತು. ನಮ್ಮಲ್ಲಿ ಪ್ರಯೋಗಶಾಲೆ ಎಲ್ಲಿಂದ ಬರಬೇಕು? ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರು ಇತ್ತು. ಅದರಲ್ಲಿ ತಾರೀಖಿನ ದಪ್ಪ ಅಂಕಿಗಳೂ, ಕೆಳಗೆ ತಿಥಿ-ನಕ್ಷತ್ರಗಳ ಸಣ್ಣ ಅಕ್ಷರಗಳೂ ಇರುತ್ತವಷ್ಟೆ. ಒಂದು ಶೆಲ್ಲಿನ ಟಾರ್ಚನ್ನು ಮಣೆಗೆ ಕಟ್ಟಿ ಅದರತ್ತ ತಿರುಗಿಸಿ, ಆರಡಿ ದೂರದಲ್ಲಿ ಕುಳಿತು, ಅರ್ಧ ಗಂಟೆಗೊಮ್ಮೆ ಓದಿ ನೋಡಿದೆ. ತಿಥಿ ಕಾಣದಾದರೆ ಶೆಲ್ಲು ಬಳಲಿದೆ, ತಾರೀಖೂ ಕಾಣದಾದರೆ ಮುಗಿದಿದೆ ಎಂದು ಲೆಕ್ಕ. ಊರಿನ ವಯರ್‌ಮನ್ನರಿಂದ ಮೀಟರನ್ನೂ ಬೇಡಿ ತಂದಿದ್ದೆ.

ಸತುವಿನ ಶೆಲ್ಲಿನಲ್ಲಿ ಮೊದಲ ಗಂಟೆಯೊಳಗೇ ತಿಥಿ ಮಾಯವಾಯಿತು. ವಿಶೇಷವೆಂದರೆ, ಆರಿಸಿಟ್ಟು ಮರುದಿನ ಹೊತ್ತಿಸಿದಾಗ ಮತ್ತೆ ಚೆನ್ನಾಗಿ ಉರಿದು, ಹತ್ತು ನಿಮಿಷದಲ್ಲಿ ಪುನಃ ಮಂಕಾಯಿತು. ವಿಶ್ರಾಂತಿಯಲ್ಲಿ ಒಳಗಿನ ರಾಸಾಯನಿಕಗಳು ತುಸು ಚೇತರಿಸಿಕೊಳ್ಳುವುದು ಈ ಜಾತಿಯ ಸ್ವಭಾವ. ಹಿರಿಯರು ಶೆಲ್ಲನ್ನು ಬಿಸಿಲಿಗೆ ಇಡುತ್ತಿದ್ದುದರ ಗುಟ್ಟೂ ಇದೇ. ಆದರೆ ಖರ್ಚಾದ ಸತು ಬಿಸಿಲಿನಿಂದ ಮರಳಿ ಬರುವುದಿಲ್ಲ. ಆಲ್ಕಲೈನ್ ಹಲವು ಗಂಟೆ ಬಾಳಿ, ಮೆಲ್ಲಮೆಲ್ಲನೆ ಮಂಕಾಯಿತು. ನಿಕಲ್ ಶೆಲ್ಲು ಅದಕ್ಕೆ ಸರಿಸಮವಾಗಿ ನಿಂತು, ಕೊನೆಯವರೆಗೂ ತಿಥಿಯನ್ನು ತೋರಿಸಿ, ಹೇಳದೆ ಕೇಳದೆ ಆರಿಹೋಯಿತು. ಹೊಲದ ನಡುವೆ ಹೀಗಾದರೆ ಅಪಾಯ. ಆದಕಾರಣ ಚಾರ್ಜು ತುಂಬಿದ ಇನ್ನೊಂದು ಶೆಲ್ಲು ಜೇಬಿನಲ್ಲಿ ಇರಲೇಬೇಕು.

ಮೀಟರು ಕಲಿಸಿದ ಪಾಠ ಬೇರೆ. ಸೋತ ಸತುವಿನ ಶೆಲ್ಲನ್ನು ಸುಮ್ಮನೆ ಅಳೆದರೆ ೧.೪ ವೋಲ್ಟು, ದೀಪ ಉರಿಯುತ್ತಿರುವಾಗ ಅಳೆದರೆ ಒಂದಕ್ಕೂ ಕಡಮೆ. ತುಂಬಿದ ನಿಕಲ್ ಶೆಲ್ಲು ಸುಮ್ಮನೆ ಇದ್ದಾಗ ೧.೩, ಉರಿಯುವಾಗಲೂ ೧.೨ಕ್ಕಿಂತ ಹೆಚ್ಚು ಜಗ್ಗಲಿಲ್ಲ. ಅಂಗಡಿಯಲ್ಲಿ ಮುಳ್ಳು ತೋರಿಸಿ ‘ಹೊಸದು’ ಎನ್ನುವವರ ಮಾತನ್ನು ಎಷ್ಟು ನಂಬಬೇಕೆಂಬುದು ಇದರಿಂದ ತಿಳಿಯುತ್ತದೆ. ಹೊರೆ ಹೊತ್ತಾಗಲೇ ಎತ್ತಿನ ಬಲ ಗೊತ್ತಾಗುವುದು.

ಲೆಕ್ಕಕ್ಕೆ ಬಂದರೆ, ನಿಕಲ್ ಶೆಲ್ಲಿನ ಮೇಲೆ ೨೦೦೦ ಮಿಲಿಆಂಪಿಯರ್-ಗಂಟೆ ಎಂದಿದ್ದು ಟಾರ್ಚು ೪೦೦ ಮಿಲಿಆಂಪಿಯರ್ ಸೆಳೆದರೆ ಸುಮಾರು ಐದು ಗಂಟೆಯ ಬೆಳಕು. ಇಂಥ ಶೆಲ್ಲನ್ನು ನೂರಾರು ಸಲ ತುಂಬಬಹುದು. ಮೊದಲ ದಿನ ಚಾರ್ಜರಿನೊಡನೆ ಬೆಲೆ ಭಾರವೆನಿಸುವುದು ನಿಜ. ಆದರೆ ದಿನವೂ ಟಾರ್ಚು ಹಿಡಿಯುವ ಮನೆಗೆ ಅಗ್ಗದ ಶೆಲ್ಲೇ ಎಲ್ಲಕ್ಕಿಂತ ದುಬಾರಿ. ಹಿಂದಿನ ನಿಕಲ್ ಶೆಲ್ಲುಗಳು ಇಟ್ಟಲ್ಲಿಯೇ ಬರಿದಾಗುತ್ತಿದ್ದವು. ೨೦೦೫ರಿಂದ ಈಚೆಗೆ ಬಂದಿರುವ ಹೊಸ ಬಗೆಯವು ವರ್ಷ ಕಳೆದರೂ ಚಾರ್ಜಿನ ಹೆಚ್ಚಿನ ಪಾಲನ್ನು ಉಳಿಸಿಕೊಳ್ಳುತ್ತವೆ. ಎಂದೋ ಒಮ್ಮೆ ಬೇಕಾಗುವ ಟಾರ್ಚಿಗೆ ಮಾತ್ರ ಆಲ್ಕಲೈನ್ ಸಾಕು. ಅದನ್ನೂ ಹೊರಗೆ ತೆಗೆದಿಡುವುದು ಮೇಲು, ಏಕೆಂದರೆ ಅದೂ ಸೋರುತ್ತದೆ. ಅದು ಸೋರಿ ಬಿಳಿಯ ಹರಳು ಕಟ್ಟಿದ್ದರೆ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಬಹುದು.

ಲಿಥಿಯಂ-ಅಯಾನ್ ಶೆಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ೧೪೫೦೦ ಎಂಬ ಗುರುತಿನದು ಪೆನ್ಸಿಲ್ ಶೆಲ್ಲಿನಷ್ಟೇ ಗಾತ್ರವಿದ್ದು ಟಾರ್ಚಿನೊಳಗೆ ಸರಾಗವಾಗಿ ಕೂರುತ್ತದೆ. ಆದರೆ ತುಂಬಿದಾಗ ಅದರಲ್ಲಿ ೪.೨ ವೋಲ್ಟು ಇರುತ್ತದೆ. ಅದಕ್ಕೆಂದೇ ಮಾಡದ ಟಾರ್ಚಿಗೆ ಹಾಕಿದರೆ ದೀಪ ಸುಟ್ಟುಹೋಗಬಹುದು. ಅದನ್ನು ನಿಕಲ್ ಚಾರ್ಜರಿನಲ್ಲಿ ಇಡುವುದಂತೂ ಬೆಂಕಿಯೊಡನೆ ಆಟ.

ಮೂರು ಶೆಲ್ಲಿನ ಟಾರ್ಚುಳ್ಳವರು ಹೊಸದರೊಡನೆ ಹಳೆಯದನ್ನು ಬೆರೆಸಬಾರದು. ಮೊದಲು ಬರಿದಾದ ಶೆಲ್ಲಿನ ಮೂಲಕ ಉಳಿದೆರಡು ವಿದ್ಯುತ್ತನ್ನು ಬಲವಂತವಾಗಿ ನೂಕುತ್ತವೆ. ಅದು ತಿರುಗುಮುರುಗಾಗಿ ಕೆಡುತ್ತದೆ, ಸೋರುತ್ತದೆ. ನಮ್ಮ ಮನೆಯಲ್ಲಿ ಒಂದು ಉಪಾಯ ಮಾಡಿದ್ದೇವೆ. ಜೊತೆಗೆ ಕೊಂಡ ಶೆಲ್ಲುಗಳಿಗೆ ಒಂದೇ ಬಣ್ಣದ ದಾರ ಸುತ್ತಿದ್ದೇವೆ. ಅಕ್ಷರ ಬಾರದಿದ್ದರೂ ಅಪ್ಪ ಕತ್ತಲಾಗುವ ಮೊದಲೇ ದಾರ ನೋಡಿ ಜೋಡಿಸಿಕೊಂಡು ಹೊಲಕ್ಕೆ ಹೊರಡುತ್ತಾರೆ.