ಲ್ಯಾಪ್‌ಟಾಪ್ ಕೊಳ್ಳುವ ಮುನ್ನ: ವಿವೇಕವೆಂಬ ಸದ್ಗುಣದ ಒಂದು ಪಾಠ



ಪಿಯುಸಿ ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಬೇಕು. ನಲವತ್ತು ಸಾವಿರದ ಆಸುಪಾಸಿನದು ಸಾಕೇ, ಲಕ್ಷ ದಾಟುವಂಥದ್ದೇ ಬೇಕೇ? ಮೇಲ್ನೋಟಕ್ಕೆ ಇದು ಅಂಗಡಿಯಲ್ಲಿ ಕೇಳುವ ಪ್ರಶ್ನೆ. ಆದರೆ ಆ ಹಣ ಎಲ್ಲಿಂದ ಬರುತ್ತದೆ, ಯಾರ ಅಗತ್ಯವನ್ನು ಮುಂದಕ್ಕೆ ತಳ್ಳಿ ಬರುತ್ತದೆ ಎಂದು ಯೋಚಿಸಿದರೆ ಅದು ಮನೆಯ ಪ್ರಶ್ನೆಯಾಗುತ್ತದೆ. ವಿಶ್ವಾಸದ ಪ್ರಶ್ನೆಯೂ ಆಗುತ್ತದೆ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಂದೆ ಬಾಡಿಗೆ ಆಟೋ ಓಡಿಸುತ್ತಾರೆ, ತಾಯಿ ಬಟ್ಟೆ ಹೊಲಿಯುತ್ತಾರೆ. ಮಗನಿಗೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ತಾಯಿ ಕಟ್ಟಿದ ಚೀಟಿಯ ಹಣ 75,000 ರೂ. ಕೈಗೆ ಬಂದಿದೆ. ಅಜ್ಜಿಯ ಕಿವಿಗೆ ಮಿಷನ್ ತರಬೇಕು ಎಂದು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಅದಕ್ಕೆ 25,000 ರೂ. ಬೇಕು. ಮಗ ಕೇಳುವುದು 1,20,000 ರೂ. ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್. "ಅಪ್ಪಾ, ಕ್ಲಾಸಿನಲ್ಲಿ ಎಲ್ಲರೂ ಅಂಥದ್ದೇ ತಗೊಳ್ತಿದ್ದಾರೆ. ಉಳಿದದ್ದನ್ನು ಕಂತಿನಲ್ಲಿ ಕಟ್ಟಬಹುದು" ಎನ್ನುತ್ತಾನೆ. ಮಗಳು ಏನನ್ನೂ ಕೇಳುವುದಿಲ್ಲ. ಅಮ್ಮನ ಮೊಬೈಲಿನಲ್ಲೇ ಅಸೈನ್‌ಮೆಂಟ್ ಮಾಡುತ್ತಾಳೆ. ಅಜ್ಜಿಗೆ ಈ ಮಾತುಕತೆ ಕೇಳಿಸುವುದೇ ಇಲ್ಲ.

ಈ ಮನೆಯವರು ಏನು ಮಾಡಬೇಕು?

ವಿವೇಕ ಎಂದರೇನು?

ವಿವೇಕ, ನ್ಯಾಯ, ಧೈರ್ಯ, ಮಿತಸಂಯಮ ಎಂಬ ನಾಲ್ಕು ಮೂಲ ಸದ್ಗುಣಗಳನ್ನು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಇವುಗಳಲ್ಲಿ ವಿವೇಕವನ್ನು ಧರ್ಮಸಭೆಯ ಪರಂಪರೆ ಸದ್ಗುಣಗಳ ರಥಕ್ಕೆ ಸಾರಥಿ ಎಂದು ಕರೆದಿದೆ. ವಿವೇಕವೆಂದರೆ ಜಾಣತನವಲ್ಲ, ಜಿಪುಣತನವೂ ಅಲ್ಲ. ಒಳ್ಳೆಯ ಗುರಿಗೆ ತಕ್ಕ ದಾರಿಯನ್ನು ಆರಿಸಿಕೊಂಡು ನಡೆಯುವುದೇ ವಿವೇಕ.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ಸದ್ಗುಣಕ್ಕೆ ಮೂರು ಹೆಜ್ಜೆಗಳನ್ನು ಗುರುತಿಸುತ್ತಾರೆ. ಮೊದಲು ಆಲೋಚಿಸುವುದು, ಬಳಿಕ ತೀರ್ಮಾನಿಸುವುದು, ಕೊನೆಗೆ ತೀರ್ಮಾನಿಸಿದ್ದನ್ನು ಮಾಡಿ ಮುಗಿಸುವುದು. ಮೊದಲ ಹೆಜ್ಜೆಯನ್ನು ಬಿಟ್ಟು ಎರಡನೆಯದಕ್ಕೆ ಹಾರುವುದನ್ನು ಅವರು ದುಡುಕು ಎನ್ನುತ್ತಾರೆ. ಹಬ್ಬದ ರಿಯಾಯಿತಿ ಇವತ್ತೇ ಕೊನೆ ಎಂದು ಅಂಗಡಿಯವರು ಹೇಳಿದಾಗ ನಮ್ಮಲ್ಲಿ ಹುಟ್ಟುವುದು ಈ ದುಡುಕೇ.

ಮೊದಲ ಹೆಜ್ಜೆ: ಆಲೋಚನೆ

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭು ಯೇಸು ಗೋಪುರ ಕಟ್ಟಲು ಹೊರಟವನ ಮಾತೆತ್ತುತ್ತಾರೆ. ಅವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು. ಇಲ್ಲವಾದರೆ ಅಡಿಪಾಯ ಮಾತ್ರ ಉಳಿದು ನೋಡಿದವರು ನಗುತ್ತಾರೆ. ಪ್ರಭು ಅಲ್ಲಿ ಬೋಧಿಸಿದ್ದು ಶಿಷ್ಯತ್ವದ ಬೆಲೆಯನ್ನು. ಆದರೂ ಮನೆಯ ಲೆಕ್ಕಕ್ಕೂ ಆ ಮಾತು ಒಪ್ಪುತ್ತದೆ. ಹಾಗಾದರೆ ನಾವೂ ಕುಳಿತು ಲೆಕ್ಕ ಹಾಕೋಣ.

ಮೊದಲು ಕೇಳಬೇಕಾದದ್ದು "ಯಾವ ಲ್ಯಾಪ್‌ಟಾಪ್ ಒಳ್ಳೆಯದು?" ಎಂದಲ್ಲ, "ಇದರಲ್ಲಿ ಆಗಬೇಕಾದ ಕೆಲಸ ಏನು?" ಎಂದು. ಪತ್ರ, ಅಸೈನ್‌ಮೆಂಟ್, ಎಕ್ಸೆಲ್, ಟ್ಯಾಲಿ, ಆನ್‌ಲೈನ್ ತರಗತಿ, ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳು: ಇಷ್ಟಕ್ಕೆ ಸಾಧಾರಣ ಬೆಲೆಯ ಯಂತ್ರ ಸಾಕು. ಇಂಟೆಲ್ ಕೋರ್ ಐ3 ಅಥವಾ ಎಎಂಡಿ ರೈಜನ್ 3 ದರ್ಜೆಯ ಈಚಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ಕೆಲಸ ಸಲೀಸಾಗಿ ಸಾಗುತ್ತದೆ. ಪ್ರೊಸೆಸರ್ ಎಂದರೆ ಕೆಲಸಗಾರ, ರ‍್ಯಾಮ್ ಎಂದರೆ ಅವನ ಮುಂದಿನ ಮೇಜು, ಎಸ್‌ಎಸ್‌ಡಿ ಎಂದರೆ ಸಾಮಾನು ಇಡುವ ಬೀರು ಎಂದುಕೊಳ್ಳಿ. ಮೇಜು ಚಿಕ್ಕದಾದರೆ ಕೆಲಸಗಾರ ಎಷ್ಟೇ ಚುರುಕಾದರೂ ತಡವರಿಸುತ್ತಾನೆ.

ದುಬಾರಿ ಯಂತ್ರದಲ್ಲಿ ಹೆಚ್ಚು ಬಲದ ಪ್ರೊಸೆಸರ್, 16 ಅಥವಾ 32 ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುತ್ತವೆ. ವಿಡಿಯೋ ಎಡಿಟಿಂಗ್, ಅನಿಮೇಷನ್, ಕಟ್ಟಡ ಮತ್ತು ಯಂತ್ರಭಾಗಗಳ ಮೂರು ಆಯಾಮದ ದೊಡ್ಡ ವಿನ್ಯಾಸಗಳಿಗೆ ಇವು ನಿಜಕ್ಕೂ ಬೇಕು. ಆದರೆ ಅದೇ ಯಂತ್ರದಲ್ಲಿ ಪತ್ರ ಟೈಪ್ ಮಾಡಿದರೆ ಪತ್ರವೇನೂ ಬೇಗ ಮುಗಿಯುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಎರಡು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತವೆ, ಜೊತೆಗೆ ಭಾರದ ಚಾರ್ಜರ್ ಬೇರೆ. ದಿನವೂ ಬಸ್ಸಿನಲ್ಲಿ ಹೊತ್ತು ಓಡಾಡುವ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ.

ಬೆಲೆ ಹೆಚ್ಚಾದ ಮಾತ್ರಕ್ಕೆ ಕೆಲಸಕ್ಕೆ ಒದಗುತ್ತದೆ ಎಂದೂ ಹೇಳಲಾಗದು. ಮೆಕ್ಯಾನಿಕಲ್ ವಿದ್ಯಾರ್ಥಿಗಳು ಬಳಸುವ ಸಾಲಿಡ್‌ವರ್ಕ್ಸ್, ಕಟ್ಟಡ ವಿನ್ಯಾಸದ ರೆವಿಟ್ ಮುಂತಾದ ತಂತ್ರಾಂಶಗಳು ವಿಂಡೋಸ್‌ಗಾಗಿ ಮಾಡಿದವು. ಆಪಲ್ ಮ್ಯಾಕ್‌ಬುಕ್‌ಗೆಂದು ಅವುಗಳ ಆವೃತ್ತಿ ಇಲ್ಲ. ಆದ್ದರಿಂದ ಹಣ ಕೊಡುವ ಮೊದಲು ಕಾಲೇಜಿನ ಅಧ್ಯಾಪಕರನ್ನೋ ಹಿರಿಯ ವಿದ್ಯಾರ್ಥಿಗಳನ್ನೋ ಕೇಳಿ. ತಿಳಿದವರಿಂದ ಕಲಿಯುವ ವಿನಯವೂ ವಿವೇಕದ ಒಂದು ಅಂಗ ಎಂದು ಅಕ್ವಿನಾಸರು ಹೇಳುತ್ತಾರೆ.

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೂ ಒಮ್ಮೆ ರಿಪೇರಿಯವರಿಗೆ ತೋರಿಸಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಎಷ್ಟೋ ಯಂತ್ರಗಳು ಮತ್ತೆ ಚುರುಕಾಗುತ್ತವೆ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ನಮ್ಮನ್ನು ಎಚ್ಚರಿಸಿದ್ದು ಇಂಥ ವಸ್ತುಗಳಿಗೂ ಸಲ್ಲುತ್ತದೆ.

ಎರಡನೆಯ ಹೆಜ್ಜೆ: ತೀರ್ಮಾನ

ತೀರ್ಮಾನ ಮಾಡುವಾಗ ಎರಡು ಕಡೆ ಕಾಲು ಜಾರಬಹುದು. ಒಂದು, ಆಡಂಬರ. "ಎಲ್ಲರ ಹತ್ತಿರ ಇದೆ" ಎನ್ನುವುದು ಕಾರಣವಲ್ಲ, ಹೋಲಿಕೆ. ಹೋಲಿಕೆಗೆ ಕೊನೆಯಿಲ್ಲ, ಮುಂದಿನ ವರ್ಷ ಇನ್ನೂ ಹೊಸದು ಬರುತ್ತದೆ.

ಇನ್ನೊಂದನ್ನು ನಾವು ಪಾಪವೆಂದು ನೆನೆಯುವುದೇ ಇಲ್ಲ. ಕೆಲಸಕ್ಕೆ ಎಷ್ಟು ಬೇಕು ಎಂದು ನೋಡದೆ, ಎಷ್ಟು ಕಡಿಮೆಯಲ್ಲಿ ಮುಗಿಸಬಹುದು ಎಂದಷ್ಟೇ ನೋಡಿ ಕೆಲಸವನ್ನೇ ಕೆಡಿಸುವುದು ಕೂಡ ದೋಷವೆಂದು ಅಕ್ವಿನಾಸರು ಎಣಿಸುತ್ತಾರೆ. ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವ ಯುವಕನಿಗೆ ಶಕ್ತಿಯುತ ಯಂತ್ರ ಶೋಕಿಯಲ್ಲ. ಅದು ಸಂತ ಜೋಸೆಫರ ಕೈಯ ಉಳಿಯಂತೆ ಅವನ ಉಪಕರಣ. ಮೊಂಡು ಉಳಿ ಕೊಟ್ಟು ಬಾಗಿಲು ಮಾಡು ಎಂದರೆ ಬಡಗಿ ಏನು ಮಾಡಿಯಾನು?

ತೀರಾ ಅಗ್ಗದ ಯಂತ್ರಗಳಲ್ಲೂ ಈ ಅಪಾಯ ಇದೆ. 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಇಎಂಎಂಸಿ ಸಂಗ್ರಹದ ಯಂತ್ರ ವಿಂಡೋಸ್ 11ರ ಕನಿಷ್ಠ ಅರ್ಹತೆಯನ್ನು ಮುಟ್ಟುತ್ತದೆ ನಿಜ, ಆದರೆ ಸ್ವಲ್ಪ ಕಾಲದಲ್ಲೇ ತೆವಳತೊಡಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂದು ಕೇಳಲೇಬೇಕು.

ಇನ್ನು ಕಂತಿನ ಲೆಕ್ಕ. 1,20,000 ರೂ. ಸಾಲವನ್ನು ವರ್ಷಕ್ಕೆ ಶೇ. 15ರ ಬಡ್ಡಿಗೆ 24 ತಿಂಗಳು ತೀರಿಸುವುದಾದರೆ ತಿಂಗಳಿಗೆ ಸುಮಾರು 5,820 ರೂ. ಕಟ್ಟಬೇಕು. ಒಟ್ಟು ಸುಮಾರು 1,39,600 ರೂ. ಆಗುತ್ತದೆ, ಹೆಚ್ಚಿಗೆ ಹೋಗುವ 19,600 ರೂ. ಬಡ್ಡಿಯಲ್ಲಿ ಒಂದು ಕಿವಿ ಮಿಷನ್‌ನ ಬಹುಪಾಲು ಬರುತ್ತಿತ್ತು. "ಬಡ್ಡಿಯೇ ಇಲ್ಲ" ಎನ್ನುವ ಕಂತುಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದಂಥ ಬೇರೆ ಹೆಸರಿನಲ್ಲಿ ಮರೆಮಾಚುವುದುಂಟು ಎಂದು ಭಾರತೀಯ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತ್ತು.

ಈಗ ನಮ್ಮ ಆ ಮನೆಗೆ ಬರೋಣ. ಮಕ್ಕಳಿಬ್ಬರಿಗೂ ಒಂದೇ ಬೆಲೆಯದು ಕೊಡಿಸುವುದೇ ನ್ಯಾಯವೆಂದು ಕೆಲವರು ತಿಳಿಯುತ್ತಾರೆ. ಆದರೆ ತಲೆಂತುಗಳ ಸಾಮತಿಯಲ್ಲಿ ಯಜಮಾನನು ಮೂವರಿಗೂ ಸಮನಾಗಿ ಹಂಚಲಿಲ್ಲ, ಅವರವರಿಗೆ ತಕ್ಕುದನ್ನು ಕೊಟ್ಟ. ಯಾರನ್ನೂ ಬರಿಗೈಲಿ ಬಿಡಲಿಲ್ಲ. ಪ್ರೀತಿ ಸಮನಾಗಿರಲಿ, ವಸ್ತುಗಳು ಅಗತ್ಯದಂತೆ ಇರಲಿ. ಕೇಳದ ಮಗಳ ಅಗತ್ಯ, ಕೇಳುವ ಮಗನ ಅಗತ್ಯಕ್ಕಿಂತ ಕಡಿಮೆಯಲ್ಲ. ಬಾಯಿಬಿಟ್ಟು ಕೇಳಿದವರಿಗೇ ಎಲ್ಲವೂ ಸಿಗುವ ಮನೆಯಲ್ಲಿ ಸುಮ್ಮನಿರುವವರು ಬೇಗ ಮರೆತುಹೋಗುತ್ತಾರೆ.

ಮೂರನೆಯ ಹೆಜ್ಜೆ: ಆಚರಣೆ

ಆ ಮನೆಯವರು ಹೀಗೆ ಮಾಡಬಹುದು. ಮೊದಲು ಅಜ್ಜಿಯ ಕಿವಿ ಮಿಷನ್ ಬರಲಿ. ವರ್ಷದಿಂದ ಬಲಿಪೂಜೆಯಲ್ಲಿ ದೇವರ ವಾಕ್ಯ ಕೇಳಿಸದೆ ಕುಳಿತವರ ಸರದಿ ಮೊದಲನೆಯದು. ಉಳಿದ 50,000 ರೂ. ಒಳಗೆ, ಮುಂದೆ ರ‍್ಯಾಮ್ ಹೆಚ್ಚಿಸಲು ಜಾಗವಿರುವ ಒಂದು ಒಳ್ಳೆಯ ಲ್ಯಾಪ್‌ಟಾಪ್ ಬರಲಿ. ಕೆಲವು ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸಲಾಗದು. ಅದನ್ನು ಕೇಳಿಯೇ ಕೊಳ್ಳಬೇಕು. ಅದು ಮಗನ ಲ್ಯಾಪ್‌ಟಾಪ್ ಅಲ್ಲ, ಮನೆಯ ಲ್ಯಾಪ್‌ಟಾಪ್. ಹಗಲು ಅವನು ಕಾಲೇಜಿಗೆ ಒಯ್ಯಲಿ. ಸಂಜೆಯ ಎರಡು ಗಂಟೆ ಅಕ್ಕನದ್ದು ಎಂದು ಮೊದಲೇ ಗೊತ್ತುಮಾಡಲಿ. ದೊಡ್ಡ ವಿನ್ಯಾಸದ ಕೆಲಸ ಬಂದಾಗ ಕಾಲೇಜಿನ ಲ್ಯಾಬ್ ಇದೆ. ಮೂರನೆಯ ವರ್ಷಕ್ಕೆ ಅದು ಸಾಲದೆ ಹೋದರೆ ಆಗ ಮತ್ತೆ ಕುಳಿತು ಮಾತಾಡಬಹುದು.

ಅದೇ ಮಗ ಅನಿಮೇಷನ್ನಿಗೋ ವಾಸ್ತುಶಿಲ್ಪಕ್ಕೋ ಸೇರಿದ್ದರೆ ಉತ್ತರ ಬೇರೆಯಾದೀತು. ಆಗ ದುಬಾರಿ ಯಂತ್ರವೇ ವಿವೇಕ. ಓದಿಗೆ ಅಗತ್ಯವಾದ ಕಂಪ್ಯೂಟರಿನ ನ್ಯಾಯವಾದ ಬೆಲೆಯನ್ನು ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ವಿದ್ಯಾಸಾಲ ಯೋಜನೆ ಸಾಲದ ವೆಚ್ಚಗಳಲ್ಲಿ ಸೇರಿಸುತ್ತದೆ. ಅಂಗಡಿಯ ಕಂತಿಗೆ ಸಹಿ ಹಾಕುವ ಮೊದಲು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಆದರೆ ಆಗಲೂ ಅಜ್ಜಿಯ ಸರದಿ ಹಿಂದೆ ಹೋಗಬಾರದು.

ಮಗನಿಗೆ "ನಮ್ಮ ಹತ್ತಿರ ದುಡ್ಡಿಲ್ಲ, ಸುಮ್ಮನಿರು" ಎಂದು ಗದರಬೇಡಿ. ಲೆಕ್ಕದ ಹಾಳೆಯನ್ನು ಅವನ ಮುಂದಿಡಿ. ಚೀಟಿ ಹಣ ಎಷ್ಟು ತಿಂಗಳ ಹೊಲಿಗೆಯಿಂದ ಬಂತೆಂದು ತಾಯಿಯೇ ಹೇಳಲಿ. ಬೇಡ ಎಂದಷ್ಟೇ ಕೇಳಿಸಿಕೊಂಡ ಮಗು ಮುನಿಯುತ್ತದೆ. ಏಕೆ ಎಂದು ತಿಳಿದ ಮಗು ಮನೆಯ ಹೊರೆಗೆ ಹೆಗಲು ಕೊಡಲು ಕಲಿಯುತ್ತದೆ.

ಯುವಕರಿಗೆ ಒಂದು ಮಾತು

2025ರ ಸೆಪ್ಟೆಂಬರ್ 7ರಂದು ಜಗದ್ಗುರು 14ನೇ ಲಿಯೋರವರು ಕಾರ್ಲೊ ಆಕುತಿಸ್‌ನನ್ನು ಸಂತನೆಂದು ಘೋಷಿಸಿದರು. 1991ರಲ್ಲಿ ಹುಟ್ಟಿ, 2006ರಲ್ಲಿ ಹದಿನೈದನೆಯ ವಯಸ್ಸಿಗೆ ಲ್ಯುಕೇಮಿಯಾದಿಂದ ತೀರಿಕೊಂಡ ಇಟಲಿಯ ಹುಡುಗ ಅವನು. ಸಿರಿವಂತರ ಮನೆಯವನು, ಬೇಕಾದದ್ದೆಲ್ಲ ಸಿಗಬಹುದಿತ್ತು. ಆದರೂ ವಿಡಿಯೋ ಗೇಮ್‌ಗೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ. ಕಂಪ್ಯೂಟರಿನಲ್ಲಿ ತನಗಿದ್ದ ಕೌಶಲವನ್ನು ಪರಮಪ್ರಸಾದದ ಅದ್ಭುತಗಳ ಮಾಹಿತಿಯನ್ನು ಲೋಕಕ್ಕೆ ತಿಳಿಸಲು ಬಳಸಿದ. ನಾವು ಇಂದು ಅವನನ್ನು ನೆನೆಯುವಾಗ ಅವನ ಕಂಪ್ಯೂಟರಿನ ಬೆಲೆ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ.

ಪ್ರಿಯ ಓದುಗರೇ, ಕೊಳ್ಳುವ ಯಂತ್ರ ಐದಾರು ವರ್ಷಕ್ಕೆ ಹಳತಾಗುತ್ತದೆ. ಅದನ್ನು ಕೊಳ್ಳುವಾಗ ಮನೆಯವರು ಒಬ್ಬರಿಗೊಬ್ಬರು ಹೇಗೆ ನಡೆದುಕೊಂಡರು ಎಂಬುದು ಮಕ್ಕಳ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ಪವಿತ್ರಾತ್ಮರು ನಿಮ್ಮ ಮನೆಗೆ ವಿವೇಕದ ವರವನ್ನು ಅನುಗ್ರಹಿಸಲಿ.

ಕುಟುಂಬ ಪ್ರಾರ್ಥನೆಯ ಬಳಿಕ ಮಾತಾಡಲು:

1. ನಾವು ಕೊಳ್ಳಬೇಕೆಂದಿರುವ ವಸ್ತುವಿನಿಂದ ಆಗಬೇಕಾದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಲ್ಲೆವೇ?

2. ಅದಕ್ಕಾಗಿ ಮನೆಯಲ್ಲಿ ಯಾರ ಅಗತ್ಯ ಮುಂದಕ್ಕೆ ಹೋಗುತ್ತಿದೆ? ಅವರನ್ನು ಕೇಳಿದ್ದೇವೆಯೇ?

3. ನಮ್ಮ ಮನೆಯಲ್ಲಿ ಏನನ್ನೂ ಕೇಳದೆ ಇರುವವರು ಯಾರು? ಅವರಿಗೆ ಏನು ಬೇಕಾಗಿರಬಹುದು?